ಹೊತ್ತು ಮುಳುಗಿದ ಮೇಲಿನ ತುತ್ತು

ಅಂಗೈಯಗಲದ ಒಂದು ಕೂಸನ್ನು ಮೂರು ದೇಶಗಳು ಕೂಡಿ ಸಾಕುತ್ತಿದ್ದವು. ಕೈಕಾಲಿಲ್ಲದ, ಅಳದ ಕೂಸು. ಪಿತ್ತಜನಕಾಂಗ ಎಂದು ಪುಸ್ತಕದಲ್ಲಿ ಬರೆದು ಬಾಯಲ್ಲಿ ಎಲ್ಲರೂ ಲಿವರ್ ಎನ್ನುತ್ತಾರಲ್ಲ, ಅದರದೊಂದು ತುಣುಕು. ರೋಗಿಯ ತೊಡೆಯಿಂದ ಕಡಲೆಕಾಳಿನಷ್ಟು ಚರ್ಮ ಚಿವುಟಿ ಓಸಾಕಾಕ್ಕೆ ಕಳಿಸಿದರೆ, ಅಲ್ಲಿಯವರು ಅದರ ಜೀವಕೋಶಗಳಿಗೆ ವಯಸ್ಸು ಮರೆಸಿ ಗರ್ಭದಲ್ಲಿದ್ದಾಗಿನ ಸ್ಥಿತಿಗೆ ಒಯ್ಯುತ್ತಿದ್ದರು. ಆ ಸ್ಥಿತಿಯಲ್ಲಿ ಅವು ಚರ್ಮವೂ ಅಲ್ಲ, ರಕ್ತವೂ ಅಲ್ಲ. ಏನಾಗು ಎಂದರೆ ಅದಾಗಬಲ್ಲ ಆಕರಕೋಶಗಳು. ಜರ್ಮನಿಯ ಫ್ರೈಬುರ್ಗ್‌ನವರು ಅವು ಹಬ್ಬಲಿಕ್ಕೆಂದು ಜೇಡನ ಬಲೆಗಿಂತ ನವಿರಾದ ಜಾಲರಿ ನೇಯ್ದು ಕಳಿಸುತ್ತಿದ್ದರು. ಎರಡೂ ಧಾರವಾಡಕ್ಕೆ ಬಂದು, ಕೋಶಗಳು ಜಾಲರಿಯ ತುಂಬ ಬೆಳೆದು, ಲಿವರ್‌ನ ಕೆಲಸ ಕಲಿತು, ರೋಗಿಯ ಹೊಟ್ಟೆಯೊಳಗೆ ಹೊಲಿಯಲು ಹದವಾಗುವ ತನಕದ ಬಾಣಂತನ ಡಾಕ್ಟರ್ ತ್ರಿಶಲಾ ಮಗದುಮ್ಮ ಅವರದು.

ಕೆಲಗೇರಿ ಕೆರೆಯ ಕಡೆಗೆ ಮುಖ ಮಾಡಿದ ಆ ಪ್ರಯೋಗಶಾಲೆಯಲ್ಲಿ ಮೊದಲ ವರ್ಷ ಕೂಸುಗಳು ಬದುಕಲಿಲ್ಲ. ಓಸಾಕಾದವರು ಹಾಕಿಕೊಟ್ಟ ಕ್ರಮದಂತೆ ಹಗಲಿರುಳು ಸಮನಾದ ಅಂತರದಲ್ಲಿ ಅವಕ್ಕೆ ಆಹಾರದ ದ್ರವ ಕೊಡಬೇಕಿತ್ತು. ಜೂನಿನ ಮಿರಗದ ಮಳೆ ಸುರುವಾದೊಡನೆ ದೀಪಕ್ಕೆ ಹುಳ ಬರುವ ಊರು. ಎಷ್ಟು ಬಾಗಿಲು, ಎಷ್ಟು ಜಾಳಿಗೆ ಹಾಕಿದರೂ ರಾತ್ರಿ ಬಾಟಲಿ ಬಿಚ್ಚಿದಾಗ ಏನೋ ಒಂದು ಒಳಗೆ ಸೇರಿ, ಮೂರು ದಿನಕ್ಕೆ ತುಣುಕು ಕೊಳೆಯುತ್ತಿತ್ತು. ತ್ರಿಶಲಾ ಹುಟ್ಟಿದಂದಿನಿಂದ ಹೊತ್ತು ಮುಳುಗಿದ ಮೇಲೆ ಉಂಡವಳಲ್ಲ. ಕತ್ತಲಲ್ಲಿ ತುತ್ತಿನೊಳಗೆ ಯಾವ ಸಣ್ಣ ಜೀವ ಬಿದ್ದೀತೋ ಎಂದು ಜೈನರ ಮನೆಗಳಲ್ಲಿ ಸೂರ್ಯನಿರುವಾಗಲೇ ಒಲೆ ಆರಿಸುತ್ತಾರೆ. ಅದನ್ನೇ ಅವಳು ಇಲ್ಲಿಗೂ ತಂದಳು. ಸಾರವಿರುವ ಆಹಾರವೆಲ್ಲ ಹಗಲಿಗೆ, ರಾತ್ರಿಗೆ ತಾನಾಗಿ ಹರಿಯುವ ಸಪ್ಪೆ ಉಪ್ಪುನೀರು. ಎರಡೂ ದೇಶಗಳಿಗೆ ಬರೆದು ಒಪ್ಪಿಗೆ ತರಿಸಿಕೊಂಡಳು. ಅಂದಿನಿಂದ ಒಂದು ತುಣುಕೂ ಕೊಳೆಯಲಿಲ್ಲ. ಅಷ್ಟೇ ಏಕೆ, ಧಾರವಾಡದ ಕೂಸುಗಳು ಮಿಕ್ಕ ಎರಡು ದೇಶದವರು ತಮ್ಮಲ್ಲಿ ಬೆಳೆಸಿ ನೋಡಿದವಕ್ಕಿಂತ ದುಂಡಗೆ ಬೆಳೆದವು. ಅವರೂ ಇದೇ ಪದ್ಧತಿ ಹಿಡಿಯುವ ಮಾತು ನಡೆಯಿತು.

ಹಾಗೆ ಬೆಳೆದ ತುಣುಕುಗಳಲ್ಲಿ ಒಂದು ಮಕ್ತುಮಸಾಬ ನದಾಫನದು. ಹುಬ್ಬಳ್ಳಿಯಿಂದ ಮುಂಬೈಗೆ ರಾತ್ರಿ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ಸಣ್ಣವನಿದ್ದಾಗ ಯಾರೋ ಚುಚ್ಚಿದ ಹೊಲಸು ಸೂಜಿಯಿಂದ ಹತ್ತಿದ ಕಾಮಾಲೆ ಒಳಗೊಳಗೇ ತಿಂದು, ನಲವತ್ತೈದಕ್ಕೆ ಅವನ ಲಿವರ್ ಕಲ್ಲಾಗಿತ್ತು. ಹೊಟ್ಟೆಯಲ್ಲಿ ನೀರು, ಕಣ್ಣಲ್ಲಿ ಅರಿಸಿಣ. ತುಣುಕು ಹೊಲಿದ ಮೇಲೆ ನೀರು ಇಳಿಯಿತು, ಕಣ್ಣು ತಿಳಿಯಾಯಿತು, ಮನುಷ್ಯ ಮತ್ತೆ ಸ್ಟೇರಿಂಗ್ ಹಿಡಿದ. ಅವನದೇ ಚರ್ಮದಿಂದ ಆದದ್ದು. ಹೆತ್ತವನು ಅವನೇ, ಸಾಕಿದವಳು ಮಾತ್ರ ತ್ರಿಶಲಾ.

ತೊಂದರೆ ನಿಪ್ಪಾಣಿಯ ಆಚೆ ಸುರುವಾಯಿತು. ಎಂದಿನಂತೆ ಢಾಬಾದಲ್ಲಿ ಹೊಟ್ಟೆ ತುಂಬ ಮಟನ್ ಊಟ ಮಾಡಿ ಗಾಡಿ ಎತ್ತಿದ ಮಕ್ತುಮಸಾಬ, ಕೊಲ್ಹಾಪುರದ ಕಡೆ ಹೋಗುವ ಬದಲು ಸಾವಕಾಶ ಬಸ್ಸು ತಿರುಗಿಸಿ ಬಂದ ದಾರಿಯಲ್ಲೇ ಬೆಳಗಾವಿಯ ಕಡೆ ಹೊರಟ. ಪರದೆಯ ಹಿಂದೆ ಎಲ್ಲರೂ ನಿದ್ದೆಯಲ್ಲಿದ್ದರು. ನಿದ್ದೆ ಬಾರದ ಒಬ್ಬ ಮುದುಕರು ಮಾತ್ರ, ಈ ಟೋಲ್ ನಾಕಾ ಈಗಷ್ಟೇ ದಾಟಿದ ಹಾಗಿತ್ತಲ್ಲ, ಇವರೇನು ಎರಡು ಸಲ ರೊಕ್ಕ ಕೊಡುತ್ತಾರೋ ಎಂದು ಬಂದು ಕೇಳಿದರು. ಡ್ರೈವರನ ಮುಖ ನೋಡಿದ ಮೇಲೆ ಅವರು ಹಿಂದೆ ಮಲಗಿದ್ದ ಎರಡನೆಯ ಡ್ರೈವರನನ್ನು ಎಬ್ಬಿಸಿದರು. ಯಾರಿಗೂ ಏನೂ ಆಗಲಿಲ್ಲ. ಬಸ್ಸಿನ ಮಾಲಕ ಗದಿಗೆಪ್ಪ ಮರುದಿನವೇ ಅವನಿಂದ ಗಾಡಿ ಬಿಡಿಸಿದ.

ಧಾರವಾಡದಲ್ಲಿ ಬೆಳಿಗ್ಗೆ ರಕ್ತ ನೋಡಿದರೆ ಎಲ್ಲ ನೆಟ್ಟಗಿತ್ತು. ಎರಡನೆಯ ಸಲ ನೋಡಿದರೂ ನೆಟ್ಟಗಿತ್ತು. ಕಿರಿಯ ವೈದ್ಯನೊಬ್ಬ ದನಿ ತಗ್ಗಿಸಿ, ಕುಡಿಯುವ ಚಟ ಉಂಟೇ ಎಂದು ಹೆಂಡತಿಯನ್ನು ಕೇಳಿದ.

"ಅವರು ಗೋಲಿಸೋಡಾ ಕುಡದ್ರ ತೇಗು ಬರ್ತದಂತ ಹೆದರೂ ಮನಷ್ಯಾರೀ," ಎಂದಳು ಜೈತುನಬಿ. "ಶೆರೆ ಎಲ್ಲಿಂದ ತಂದ್ರಿ ನಡಬರ್ಕ?"

ಆಮೇಲೆ ಅವಳು ತ್ರಿಶಲಾಳನ್ನು ಒಂದು ಬದಿಗೆ ಕರೆದು ಹೇಳಿದ್ದು ಬೇರೆ. ಹಗಲೆಲ್ಲ ಗಂಡ ಶಾಣ್ಯಾ. ರಾತ್ರಿ ಉಂಡ ಮೇಲೆ ಮನೆಗೆ ಬಂದ ಬೀಗನ ಹಾಗೆ ಕೂರುತ್ತಾನೆ. ನಿನ್ನೆ ತಾಟು ಎತ್ತುವಾಗ ಬಹಳ ಮರ್ಯಾದೆಯಿಂದ ಕೇಳಿದನಂತೆ: "ತಾವು ಯಾವೂರವರ್ರೀ?"

ಅಂದು ಸಂಜೆ ತ್ರಿಶಲಾ ಮನೆಗೆ ಬಂದಾಗ ಅತ್ತೆ ಅಕ್ಕಾತಾಯಿ ಕಿಟಕಿಯ ಬಳಿ ಎರಡು ತಾಟು ಹಾಕಿಕೊಂಡು, ಹೊರಗಿನ ಬೆಳಕನ್ನೂ ಸೊಸೆಯ ಬರವನ್ನೂ ಒಟ್ಟಿಗೆ ಕಾಯುತ್ತಿದ್ದರು. ತ್ರಿಶಲಾ ಯೋಚನೆಯಲ್ಲೇ ಕೈತೊಳೆದು ಕೂತು, ಎರಡು ತುತ್ತು ಉಣ್ಣುವಷ್ಟರಲ್ಲಿ ಹೊತ್ತು ಇಳಿಯಿತು. ಅತ್ತೆ ತಾಟು ಸರಿಸಿದರು. ಸೊಸೆ ಅರೆಹೊಟ್ಟೆಯಲ್ಲಿ ಎದ್ದಳೆಂಬ ಮರುಕವೂ ಅವರಿಗಿತ್ತು. ಅದಕ್ಕೇ ಏನೋ, ತಮ್ಮ ಹಳೆಯ ಕಥೆ ತೆಗೆದರು. ಹಿಂದೆ ಆಪರೇಶನ್ ಆದಾಗ ಡಾಕ್ಟರು ಒತ್ತಾಯ ಮಾಡಿ ರಾತ್ರಿ ಹಾಲು ಕುಡಿಸಿದ್ದು, ಬೆಳಗಾಗುವ ತನಕ ಅದು ಹೊಟ್ಟೆಯಲ್ಲಿ ಕಲ್ಲಿನಂತೆ ಕೂತದ್ದು, ನರ್ಸಮ್ಮ ಬೈದದ್ದು.

"ಅಕಿಗೇನ್ ಗೊತ್ತು ತಂಗಿ. ಹೊಟ್ಟಿ ತನ್ನ ಬಾಗಲಾ ಹಾಕ್ಕೊಂಡು ಮಲಗಿರ್ತದ. ಅರವತ್ತು ವರ್ಷ ಹಾಕಿದ ಬಾಗಲಾ ಒಂದ ಸಂಜಿಗೆ ತಗೀ ಅಂದ್ರ ತಗೀತದೇನು?"

ತ್ರಿಶಲಾ ಈ ಕಥೆಯನ್ನು ಎಷ್ಟೋ ಸಲ ಕೇಳಿದ್ದಳು. ಈ ಸಲ ಕೇಳಿದ್ದು ಬೇರೆ ಕಿವಿಯಿಂದ.

ಮರುದಿನ ಅವಳು ಬೆಳಗಿನ ಪರೀಕ್ಷೆ ಬಿಟ್ಟು, ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನ ತನಕ ತುಣುಕುಗಳ ಮುಂದೆ ಕೂತಳು. ನಾವು ತಿಂದ ಬೇಳೆ, ಹಾಲು, ಮಾಂಸ ಕರಗುವಾಗ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಲಿವರ್ ಅದನ್ನು ಬಾಗಿಲಲ್ಲೇ ಹಿಡಿದು, ಪಳಗಿಸಿ, ಮೂತ್ರದ ದಾರಿ ತೋರಿಸುತ್ತದೆ. ಹಿಡಿಯದಿದ್ದರೆ ಅದು ತಲೆಗೇರಿ ಬುದ್ಧಿಗೆ ಮಂಕು ಕವಿಯುತ್ತದೆ. ತ್ರಿಶಲಾ ತುಣುಕುಗಳ ದ್ರವದಲ್ಲಿ ಅಮೋನಿಯಾ ಬೆರೆಸಿ, ಎಷ್ಟು ಹಿಡಿಯುತ್ತವೆಂದು ನೋಡಿದಳು. ಮಧ್ಯಾಹ್ನ ಚುರುಕಾಗಿ ಹಿಡಿದವು. ಬಿಸಿಲು ಬಾಗಿದಂತೆ ಪರದೆಯ ಮೇಲಿನ ಗೆರೆಯೂ ಬಾಗಿತು. ಹೊತ್ತು ಮುಳುಗುವ ಸಮಯಕ್ಕೆ ಕೋಳಿಗಳು ಒಂದೊಂದಾಗಿ ಗೂಡು ಸೇರಿದ ಹಾಗೆ ತುಣುಕುಗಳು ಒಂದೊಂದಾಗಿ ಸುಮ್ಮನಾದವು. ಕಿಟಕಿಯಿಲ್ಲದ ಕೋಣೆ ಅದು. ಅವು ಸೂರ್ಯನನ್ನು ಕಂಡೇ ಇರಲಿಲ್ಲ. ಕಂಡದ್ದು ಊಟದ ಹೊತ್ತನ್ನು ಮಾತ್ರ.

ಮೂರು ದೇಶದವರು ಪರದೆಯ ಮೇಲೆ ಕೂಡುವ ಸಭೆಯಲ್ಲಿ ಅವಳು ಇದನ್ನು ಮುಂದಿಟ್ಟಾಗ ಓಸಾಕಾದ ಪ್ರೊಫೆಸರ್ ಕುರೋಕಿಗೆ ಸಂತೋಷವೇ ಆಯಿತು. ಲಿವರ್‌ನ ಕೋಶಗಳು ಊಟದ ಗಡಿಯಾರ ಇಟ್ಟುಕೊಳ್ಳುತ್ತವೆಂಬುದು ಹಳೆಯ ಮಾತು; ತೊಟ್ಟಿಲಲ್ಲಿ ಕಲಿತದ್ದನ್ನು ಹೊಟ್ಟೆ ಸೇರಿದ ಮೇಲೂ ಇಷ್ಟು ಬಿಗಿಯಾಗಿ ಹಿಡಿದಾವೆಂದು ಅವರೂ ಎಣಿಸಿರಲಿಲ್ಲ. ಉಳಿದ ರೋಗಿಗಳು ಸಂಜೆ ಬಟ್ಟಲು ಗಂಜಿ ಕುಡಿದು ಮಲಗುವ ಜನ; ಯಾರಿಗೂ ಗೊತ್ತಾಗಿರಲಿಲ್ಲ. ನಡುರಾತ್ರಿ ಮಟನ್ ಉಂಡು ಎಚ್ಚರವಿರುವವನು ಇವನೊಬ್ಬನೇ. ಅವನಿಗೆ ಹಗಲು ಉಣ್ಣಿಸಿ ರಾತ್ರಿ ಬರೀ ಹೊಟ್ಟೆಯಲ್ಲಿ ಎಚ್ಚರವಿರಿಸಿಯೂ ನೋಡಿದ್ದರು. ಆಗ ದುಡಿಯುವ ಮೈ ತನ್ನ ಸ್ನಾಯುವನ್ನೇ ಕರಗಿಸಿಕೊಂಡು ಅದೇ ವಿಷ ಹುಟ್ಟಿಸಿತು. ಫ್ರೈಬುರ್ಗ್‌ನ ಡಾಕ್ಟರ್ ಲೀನ್‌ಹಾರ್ಟ್ ಚುರುಕು ಹೆಂಗಸು. ಗಡಿಯಾರವನ್ನೇ ಮರೆಸುವ ಔಷಧ ತಮ್ಮಲ್ಲಿದೆ, ಇವನಿಗೇ ಮೊದಲು ಕೊಡೋಣ ಎಂದರು. ಆ ಔಷಧ ಕೊಟ್ಟ ಇಲಿಗಳಲ್ಲಿ ಕೆಲವಕ್ಕೆ ತುಣುಕೇ ಜಾಲರಿಯಿಂದ ಸಡಿಲಿ ಉದುರಿತ್ತು ಎಂಬುದನ್ನೂ ಅವರೇ ಮುಚ್ಚದೆ ಹೇಳಿದರು.

ಮರೆಸುವುದರ ಬದಲು ತಿರುಗಿಸಲಾದೀತೇ ಎಂದು ತ್ರಿಶಲಾ ಪ್ರಯೋಗಶಾಲೆಯಲ್ಲಿ ನೋಡಿದಳು. ಊಟದ ಹೊತ್ತನ್ನು ಹಗಲಿನಿಂದ ಇರುಳಿಗೆ ದೂಡಿದರೆ ತುಣುಕುಗಳೂ ಹಿಂದೆಯೇ ಬಂದವು. ಆದರೆ ಬರಲು ಮೂರು ವಾರ ತೆಗೆದುಕೊಂಡವು. ನಡುವಿನ ದಿನಗಳಲ್ಲಿ ಹಗಲೂ ಕೆಲಸವಿಲ್ಲ, ಇರುಳೂ ಇಲ್ಲ. ನಡುವೆ ಒಂದು ದಿನ ಹೊತ್ತು ತಪ್ಪಿಸಿದರೆ ಹಿಂದಕ್ಕೆ ಓಡಿದವು. ಗಾಜಿನ ತಟ್ಟೆಗೆ ಹಸಿವಿಲ್ಲ, ಆಸೆಯಿಲ್ಲ. ಜೀವವಿರುವ ಯಾವ ಮನುಷ್ಯ ಮೂರು ವಾರ ಹಗಲಲ್ಲಿ ಒಂದು ತುತ್ತೂ ಮುಟ್ಟದೆ ಇದ್ದಾನು?

ಈ ಪ್ರಶ್ನೆಯನ್ನು ತಲೆಯಲ್ಲಿ ಹೊತ್ತುಕೊಂಡೇ ಅವಳು ಜರ್ಮನಿಯ ಔಷಧದ ವಿಚಾರ ತಿಳಿಸಲು ಹಳೇ ಹುಬ್ಬಳ್ಳಿಯ ಮಕ್ತುಮಸಾಬನ ಮನೆಗೆ ಹೋದಳು. ಅವನು ಒಂದು ಗೋದಾಮಿನಲ್ಲಿ ಹಗಲು ಕಾವಲಿನ ಕೆಲಸ ಹಿಡಿದಿದ್ದ. ಜೈತುನಬಿ ಚಹಾ ಇಡುವ ಮೊದಲೇ ದೂರು ಇಟ್ಟಳು. ಬರುವ ತಿಂಗಳು ರಂಜಾನ್. ಬೇಡವೆಂದರೂ ರೋಜಾ ಉಪವಾಸ ಹಿಡಿಯುತ್ತೇನೆಂದು ಹಟ ಹಿಡಿದಿದ್ದಾರೆ. ನನ್ನ ಮಾತು ಗಾಳಿಗೆ, ಡಾಕ್ಟರಬಾಯಿ ನೀವಾದರೂ ಬೈದು ಹೇಳಿ.

ಬೈಯಲು ಬಾಯಿ ತೆರೆದ ತ್ರಿಶಲಾಳ ಕಣ್ಣು ಬಾಗಿಲಾಚೆ ಹೋಯಿತು. ಹೊರಗೆ ಓಣಿಯಲ್ಲಿ ಮಸೀದಿಗೆ ಸುಣ್ಣ ಬಳಿಯುತ್ತಿದ್ದರು. ಒಂದು ತಿಂಗಳು ಈ ಇಡೀ ಓಣಿಯ ಒಲೆಗಳು ಹೊತ್ತು ಮುಳುಗಿದ ಮೇಲೆ ಉರಿದು, ಬೆಳಕು ಹರಿಯುವ ಮೊದಲು ಆರುತ್ತವೆ. ತನ್ನ ಮನೆಯದರ ತಿರುಗುಮುರುಗು. ಅವಳಿಗೆ ದಾರಿ ಕಂಡಿತು. ದಾರಿಯ ಕೊರಕಲೂ ಕಂಡಿತು.

ಅವಳು ಮೂರು ಮಾತನ್ನೂ ಬಿಡಿಸಿ ಹೇಳಿದಳು. ಒಂದು, ನನ್ನಂತೆ ಹೊತ್ತಿರುವಾಗಲೇ ಉಂಡು ರಾತ್ರಿ ಮಲಗಿರಿ, ಬಸ್ಸು ಬಿಡಿರಿ. ಎರಡು, ಜರ್ಮನಿಯ ಔಷಧ. ಮೂರು, ರೋಜಾ. ಮೊದಲನೆಯದು ಆಗದೆಂದು ಮಕ್ತುಮಸಾಬ ತಲೆಯಾಡಿಸಿದ.

"ರಾತ್ರಿ ಮೂವತ್ತು ಮಂದಿ ನನ್ನ ಮ್ಯಾಲೆ ಭಾರ ಹಾಕಿ ಮಲಗ್ತಾರ್ರಿ, ಡಾಕ್ಟರಬಾಯಿ. ಸಣ್ಣ ಕೂಸು ಸೈತ. ಅದು ಬಿಟ್ರ ನನ್ನ ಕಡೆ ಏನೈತಿ? ಗೋದಾಮಿನ್ಯಾಗ ಸಿಮೆಂಟ್ ಚೀಲ ನನ್ನ ನಂಬಿ ಮಲಗ್ತಾವೇನು?" ಆಮೇಲೆ ಕೇಳಿದ: "ಔಷಧಕ್ಕ ತುಣುಕು ಉದುರಬಹುದು ಅಂದ್ರಿ. ರೋಜಾಕ್ಕ?"

"ನಡುವಿನ ದಿನದಾಗ ತಲಿ ಪೂರಾ ಮಂಕಾಗಬಹುದು. ಎಚ್ಚರ ತಪ್ಪಬಹುದು. ತಪ್ಪಿದ್ದು ತಿರಗಿ ಬರದನೂ ಇರಬಹುದು, ನಾ ಸುಳ್ಳು ಹೇಳೂದಿಲ್ಲ. ಮತ್ತ ಒಮ್ಮೆ ತಿರುಗಿತು ಅಂದ್ರ, ಮುಂದ ಹಗಲಿ ಊಟ ಇಲ್ಲ. ಒಂದು ತಿಂಗಳ ಮಾತಲ್ಲ, ಇರೂತನಕ."

ಮಕ್ತುಮಸಾಬ ನಕ್ಕ. ಜೈತುನಬಿ ನಗಲಿಲ್ಲ.

"ಮತ್ತ ನಾ ಹಗಲಿ ಯಾರ ಎದುರಿಗೆ ಕುಂತು ಉಣ್ಣಲಿ?" ಎಂದಳು.

ಗಂಡ ಹೆಂಡತಿ ಎರಡು ದಿನ ಏನು ಮಾತಾಡಿಕೊಂಡರೋ, ಮೂರನೆಯ ದಿನ ಜೈತುನಬಿಯೇ ಫೋನು ಮಾಡಿ, ರೋಜಾನೇ ಆಗಲಿ ಎಂದಳು. ಮಸೀದಿಯ ಮೌಲಾನಾ, ರೋಗಿಗೆ ರೋಜಾ ಕಡ್ಡಾಯವಿಲ್ಲ, ಆದರೆ ಡಾಕ್ಟರೇ ಔಷಧವೆಂದು ಬರೆದುಕೊಟ್ಟರೆ ತಡೆಯಲು ನಾನ್ಯಾರು ಎಂದರಂತೆ.

ಲೀನ್‌ಹಾರ್ಟ್ ಒಪ್ಪಲಿಲ್ಲ. ಊಟದ ಹೊತ್ತು ಬದಲಿಸಿ ಎಂದು ತಾವು ಹೇಳಿದ ರೋಗಿಗಳು ಒಂದು ವಾರವೂ ನಡೆಸಿದವರಲ್ಲ. ಈ ತಿಂಗಳಲ್ಲಿ ಅಂಥದ್ದೇನಿದೆ ಎಂದು ಕೇಳಿದರು. ಒಬ್ಬನೇ ಆದರೆ ಯಾರಿಂದಲೂ ಆಗುವುದಿಲ್ಲ, ಈ ತಿಂಗಳು ಅವನೊಬ್ಬನೇ ಇರುವುದಿಲ್ಲ ಎಂದಳು ತ್ರಿಶಲಾ. ಕೊನೆಗೆ ಕುರೋಕಿ, ತಮ್ಮ ಅಜ್ಜ ಇದ್ದ ಬೌದ್ಧ ಮಠದಲ್ಲಿ ಮಧ್ಯಾಹ್ನದ ನಂತರ ಯಾರೂ ಉಣ್ಣುತ್ತಿರಲಿಲ್ಲ, ಅದು ಕಷ್ಟವೆಂದು ಅಜ್ಜ ಹೇಳಿದ್ದನ್ನು ತಾವು ಕೇಳಿಲ್ಲ ಎಂದರು. ಅದು ಒಪ್ಪಿಗೆಯೋ ನೆನಪೋ ತಿಳಿಯದಿದ್ದರೂ ಒಪ್ಪಿಗೆಯೆಂದೇ ಬರೆದುಕೊಳ್ಳಲಾಯಿತು. ವಿಪರೀತಕ್ಕೆ ಹೋದರೆ ತಕ್ಷಣ ನಿಲ್ಲಿಸಬೇಕೆಂಬ ಷರತ್ತಿನ ಮೇಲೆ ಲೀನ್‌ಹಾರ್ಟರೂ ಬಿಟ್ಟುಕೊಟ್ಟರು.

ರಂಜಾನಿನ ಚಂದ್ರ ಕಂಡ. ಮಕ್ತುಮಸಾಬನ ತೋಳಿಗೆ ಅಂಟಿಸಿದ ಸಣ್ಣ ಯಂತ್ರ ಅವನ ರಕ್ತದ ಸುದ್ದಿಯನ್ನು ಗಳಿಗೆಗೊಮ್ಮೆ ಧಾರವಾಡಕ್ಕೆ ಕಳಿಸುತ್ತಿತ್ತು. ಪರದೆಯ ಮೇಲೆ ತುಣುಕು ಎಷ್ಟು ಕೆಲಸ ಮಾಡುತ್ತಿದೆಯೆಂದು ತೋರುವ ಎರಡು ಗೆರೆ: ಹಗಲಿನದು ಕೆಂಪು, ಇರುಳಿನದು ನೀಲಿ. ಒಬ್ಬ ನರ್ಸು ಆ ಓಣಿಯಲ್ಲೇ ಉಳಿದಳು. ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ವಾರ ಹಗಲಿನ ಗೆರೆ ಕುಸಿಯಿತು, ಇರುಳಿನದು ಏಳಲಿಲ್ಲ. ಮಕ್ತುಮಸಾಬ ಹಗಲಲ್ಲೂ ಹೆಂಡತಿಗೆ ಬಹುವಚನ ಹಚ್ಚಿದ. ಸಂಜೆ ಬಾಂಗು ಆದ ಮೇಲೆ ಖರ್ಜೂರ ಕೈಯಲ್ಲಿ ಹಿಡಿದು, ಇದನ್ನೇನು ಮಾಡುವುದೆಂದು ಸುತ್ತ ನೋಡಿದ. ಪಕ್ಕದ ಮನೆಯ ಟೇಲರ ಅವನ ಮಣಿಕಟ್ಟು ಹಿಡಿದು ಬಾಯಿಯ ತನಕ ಒಯ್ದ. ಮರುದಿನದಿಂದ ಇಡೀ ಓಣಿ ಸರದಿಯ ಮೇಲೆ ಬಂದು ಅವನ ಜತೆ ಉಣ್ಣತೊಡಗಿತು. ಬಂದವರು ಯಾರೂ ಅವನನ್ನು ಏನನ್ನೂ ಕೇಳಬಾರದೆಂದು ಜೈತುನಬಿಯ ತಾಕೀತು.

ಹದಿನೇಳನೆಯ ದಿನ ಅವನು ಮಾತು ನಿಲ್ಲಿಸಿದ. ಕರೆದರೆ ಕಣ್ಣು ತೆರೆಯುತ್ತಿದ್ದ, ಅಷ್ಟೇ. ಫ್ರೈಬುರ್ಗ್‌ನಿಂದ ಒಂದೇ ಸಾಲಿನ ಸಂದೇಶ ಬಂತು: ನಿಲ್ಲಿಸಿ. ಜೈತುನಬಿಯ ಫೋನೂ ಬಂತು. ನಿಲ್ಲಿಸಲೇ ಎಂದು ಅವಳು ಕೇಳಲಿಲ್ಲ. ಏನು ಮಾಡಲಿ ಎಂದು ಕೇಳಿದಳು.

ತ್ರಿಶಲಾ ಪರದೆಯ ಮುಂದೆ ನಿಂತಳು. ಈಗ ನಿಲ್ಲಿಸಿದರೆ ತುಣುಕು ಇತ್ತಲೂ ಇಲ್ಲ, ಅತ್ತಲೂ ಇಲ್ಲ. ಹಿಂದಕ್ಕೆ ಓಡಲು ಅದಕ್ಕೆ ಮತ್ತೆ ಅಷ್ಟೇ ದಿನ ಬೇಕು. ನಿಲ್ಲಿಸದಿದ್ದರೆ, ಗಾಜಿನ ತಟ್ಟೆಯಲ್ಲಿ ಕಂಡಂತೆ ಇನ್ನೆರಡು ಮೂರು ದಿನಕ್ಕೆ ತಿರುಗಬೇಕು. ಆದರೆ ಗಾಜಿನ ತಟ್ಟೆಗೆ ಹೆಂಡತಿ ಇರಲಿಲ್ಲ. ಅವಳು ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳಿಕೊಂಡಳು. ಆ ಮಂತ್ರದಲ್ಲಿ ಬೇಡಿಕೆಯಿಲ್ಲ, ಬರೀ ನಮಸ್ಕಾರ. ಅದು ಮುಗಿದ ಮೇಲೆ ಮಕ್ತುಮಸಾಬನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ತರಿಸಿ, ಮೂಗಿನ ನಳಿಕೆಯಲ್ಲಿ ಆಹಾರ ಕೊಡಲು ಹೇಳಿದಳು: ಹೊತ್ತು ಮುಳುಗಿದ ಮೇಲೆ ಮಾತ್ರ. ಫ್ರೈಬುರ್ಗ್‌ಗೆ, ಇನ್ನೆರಡು ರಾತ್ರಿ, ಹೊಣೆ ನನ್ನದು, ಎಂದು ಬರೆದಳು. ಲೀನ್‌ಹಾರ್ಟ್ ಮತ್ತೆ ತಡೆಯಲಿಲ್ಲ; ಪರದೆಯಲ್ಲಿ ಅವರ ಹೆಸರಿನ ಮುಂದಿನ ಹಸಿರು ದೀಪ ಎರಡು ದಿನವೂ ಆರಲಿಲ್ಲ. ಓಸಾಕಾದಲ್ಲಿ ಕುರೋಕಿಯದೂ. ಮೂರು ದೇಶಗಳು ಕೂತು ಒಂದು ನೀಲಿ ಗೆರೆಯನ್ನು ನೋಡಿದವು.

ಎರಡನೆಯ ರಾತ್ರಿಯೂ ಗೆರೆ ಏಳಲಿಲ್ಲ. ತ್ರಿಶಲಾ ಮೂರನೆಯದನ್ನು ಯಾರನ್ನೂ ಕೇಳದೆ ತೆಗೆದುಕೊಂಡಳು.

ಮರುದಿನ ಬೆಳಿಗ್ಗೆ ಜೈತುನಬಿಯ ಫೋನು ಬಂದಾಗ ಆ ಕಡೆ ಮೊದಲು ಬರೀ ಅಳು.

"ಬೈದ್ರು ರೀ," ಎಂದಳು ಜೈತುನಬಿ, ಬಹಳ ಹೊತ್ತಿಗೆ. "ಮೂಗಿನ್ಯಾಗ ನಳಿಗಿ ಯಾಕ ತುರುಕೀರಿ ಅಂತ. ನನ್ನ ಹೆಸರು ಹಿಡದು ಬೈದ್ರು."

ರಂಜಾನ್ ಮುಗಿಯುವ ಹೊತ್ತಿಗೆ ನೀಲಿ ಗೆರೆ ರಾತ್ರಿಯಿಡೀ ತಲೆಯೆತ್ತಿ ನಿಲ್ಲತೊಡಗಿತ್ತು. ಈದ್ ದಿನ ಮಾತ್ರ ಹೊಸ ಪೇಚು: ಅಂದು ಉಪವಾಸ ಕೂಡದು, ಬೆಳಿಗ್ಗೆ ಏನಾದರೂ ತಿಂದೇ ನಮಾಜಿಗೆ ಹೋಗಬೇಕು. ಒಂದು ಖರ್ಜೂರ ಸಾಕು ಎಂದರು ಮೌಲಾನಾ. ಒಂದು ಖರ್ಜೂರದಲ್ಲಿ ವಿಷವಾಗುವಂಥದ್ದು ಏನಿಲ್ಲ ಎಂದಳು ತ್ರಿಶಲಾ. ಆ ಮನೆಯ ಹಬ್ಬದ ಪಾಯಸ ಸುರಕುಂಬಾ ಆ ವರ್ಷ ಸಂಜೆ ಕುದಿಯಿತು. ಜೈತುನಬಿ ಮಧ್ಯಾಹ್ನದ ಊಟವನ್ನು ಟೇಲರನ ಹೆಂಡತಿಯ ಜತೆ ಮಾಡುವುದನ್ನು ರೂಢಿ ಮಾಡಿಕೊಂಡಳು.

ಮೂರು ತಿಂಗಳು ರಾತ್ರಿಯೆಲ್ಲ ಪರೀಕ್ಷೆ ಮಾಡಿ, ಗಾಡಿ ನಡೆಸಬಹುದೆಂದು ತ್ರಿಶಲಾ ರುಜು ಹಾಕಿದಳು. ಗದಿಗೆಪ್ಪ ಕಾಗದ ತಿರುವಿ ಹಾಕಿ, ಧಾರವಾಡದ ತನಕ ಬಂದು ಅವಳೆದುರು ಕೂತ. ಕೆಟ್ಟವನಲ್ಲ, ಹೆದರಿದವನು.

"ರುಜು ಹಾಕೂದು ಹಗರ ಐತ್ರಿ ಮೇಡಮ್. ನೀವು ಆ ಗಾಡ್ಯಾಗ ಮಲಗ್ತೀರೇನು?"

ಮುಂದಿನ ವಾರ ಓಸಾಕಾದಲ್ಲಿ ಸಭೆಯಿತ್ತು. ಊಟದ ಹೊತ್ತನ್ನು ರೋಗಿಯ ಬದುಕು ನೋಡಿ ತೊಟ್ಟಿಲಲ್ಲೇ ಕಲಿಸುವ ಹೊಸ ಕ್ರಮ ಬರೆಯುವುದಕ್ಕೆ. ವಿಮಾನ ಮುಂಬೈಯಿಂದ. ತ್ರಿಶಲಾ ಗದಿಗೆಪ್ಪನ ಬಸ್ಸಿನಲ್ಲಿ, ಡ್ರೈವರನ ಹಿಂದಿನ ಸೀಟನ್ನೇ ಕೇಳಿ ತೆಗೆದುಕೊಂಡಳು. ಹೊರಡುವ ಮೊದಲು ಹೊತ್ತಿರುವಾಗಲೇ ಉಂಡಳು. ಅಕ್ಕಾತಾಯಿ ಬೆಳಗಿಗೆಂದು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು.

ಎಚ್ಚರವಾದಾಗ ಬಸ್ಸು ಘಾಟಿನ ಕೆಳಗೆ, ಪನವೇಲ್ ಇನ್ನೂ ದೂರವಿರುವಾಗ, ರಸ್ತೆಯ ಬದಿಗೆ ನಿಂತಿತ್ತು. ಕತ್ತಲು ತಿಳಿಯಾಗುತ್ತಿತ್ತು. ಮಕ್ತುಮಸಾಬ ಬುತ್ತಿಯ ಕೊನೆಯ ತುತ್ತು ಮುಗಿಸಿ, ಗಿಡದ ಬುಡದಲ್ಲಿ ಬಾಯಿ ಮುಕ್ಕಳಿಸಿ, ಹೆಗಲ ವಸ್ತ್ರದಿಂದ ಮೀಸೆ ಒರೆಸಿಕೊಂಡ.

"ನಿದ್ದಿ ಬಂತೇನ್ರಿ, ಡಾಕ್ಟರಬಾಯಿ?"

"ಪುಣೆ ದಾಟಿದ್ದು ಗೊತ್ತಾಗ್ಲಿಲ್ಲ," ಎಂದಳು ತ್ರಿಶಲಾ.

ಅವನು ಕನ್ನಡಿಯನ್ನು ಒಮ್ಮೆ ಒರೆಸಿದ, ಅದು ಸ್ವಚ್ಛವೇ ಇತ್ತು. ಗುಡ್ಡದ ಮೇಲೆ ಸೂರ್ಯನ ಅಂಚು ಕಂಡಿತು. ತ್ರಿಶಲಾ ಅದಕ್ಕೆ ಕೈಮುಗಿದು, ಬುತ್ತಿ ಬಿಚ್ಚಿ, ರೊಟ್ಟಿ ಮುರಿದಳು. ಎದುರಿಗೊಬ್ಬರು ಇರುವಾಗ ಒಬ್ಬಳೇ ತಿನ್ನಬಾರದೆಂಬ ಊರ ರೂಢಿಯಲ್ಲಿ ಅರ್ಧ ಮುರುಕನ್ನು ಅವನ ಕಡೆ ಚಾಚಿ, ಚಾಚಿದ ಮೇಲೆ ನೆನಪಾಗಿ, ಕೈಯನ್ನು ಹಾಗೆಯೇ ಗಾಳಿಯಲ್ಲಿ ನಿಲ್ಲಿಸಿದಳು.

"ಉಣ್ರಿ, ಉಣ್ರಿ," ಎಂದ ಮಕ್ತುಮಸಾಬ, ಮೇಲೇರಿ ಕೂರುತ್ತ. "ನಿಮ್ಮದು ಈಗ ಸುರು. ನಂದು ಮುಗೀತು."

ಹಿಂದೆ ಪರದೆಗಳ ಒಳಗೆ ಇನ್ನೂ ಯಾರೂ ಎದ್ದಿರಲಿಲ್ಲ. ಅವರನ್ನು ಕುಲುಕದ ಹಾಗೆ ಅವನು ಬಸ್ಸನ್ನು ಮೆಲ್ಲಗೆ ರಸ್ತೆಗೆ ಹತ್ತಿಸಿದ.